ಅದಿರಿನ ಜೇಡಿ ಬಿಡಿಸುವ ಅಲ್ಟ್ರಾಸೌಂಡ್: ಟನ್‌ಗೆ ಎಷ್ಟು ಯುನಿಟ್?

ಸಂಡೂರು, ದೋಣಿಮಲೈ ಕಡೆಯ ಕಬ್ಬಿಣದ ಅದಿರು ತೊಳೆದಾಗ ಬರುವ ನುಣ್ಣನೆ ಕೆಸರಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಕಾಟ ಕೊಡುವುದು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದನ್ನು ಹೊತ್ತ ಕೆಯೋಲಿನೈಟ್ ಜೇಡಿ ಕಬ್ಬಿಣದ ಖನಿಜವಾದ ಹೆಮಟೈಟ್ ಕಣಕ್ಕೆ ಮೆತ್ತಿಕೊಂಡಿದ್ದರೆ, ಕೆಸರನ್ನು ಸುತ್ತಿಸಿ ಕಣ ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಅವೆರಡನ್ನೂ ಬೇರ್ಪಡಿಸಲಾರದು. 20 ಕಿಲೋಹರ್ಟ್ಸ್ ಅಲ್ಟ್ರಾಸೌಂಡ್ ಕೊಟ್ಟರೆ ನೀರಿನಲ್ಲಿ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ, ಆ ಆಘಾತಕ್ಕೆ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಜೇಡಿ ಕಳಚುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ತಕರಾರು ವಿದ್ಯುತ್ತಿನ ಲೆಕ್ಕದ್ದು. ಅರ್ಧ ಲೀಟರ್ ಕೆಸರು, ತೂಕದಲ್ಲಿ 20% ಘನ ಎಂದರೆ ಒಳಗಿರುವ ಅದಿರು ಹತ್ತಿರಹತ್ತಿರ 120 ಗ್ರಾಂ. ಅದಕ್ಕೆ 100 ವ್ಯಾಟ್‌ನಂತೆ 2 ನಿಮಿಷ ಕೊಟ್ಟರೆ ಟನ್‌ಗೆ ಸುಮಾರು 28 ಯುನಿಟ್ ಆಯಿತು. ಬಾಲ್ ಮಿಲ್‌ನಲ್ಲಿ ಅದಿರು ಅರೆಯುವುದಕ್ಕೇ ಸಾಮಾನ್ಯವಾಗಿ 10–20 ಯುನಿಟ್ ಸಾಕು! ಹಾಗಾಗಿ "ಅಲ್ಯುಮಿನಾ ಇಳಿಯಿತು" ಎಂದಷ್ಟೇ ಹೇಳಿದರೆ ಸಾಲದು, ಟನ್‌ಗೆ ಎಷ್ಟು ಯುನಿಟ್ ಎಂದೂ ಹೇಳಬೇಕು.

ಮೀಟರ್ ತೋರಿಸುವ ವ್ಯಾಟ್ ನಂಬಬೇಡಿ. ಅರ್ಧ ಲೀಟರ್ ಬರೀ ನೀರಿಗೆ ಪ್ರೋಬ್ (ಅಲ್ಟ್ರಾಸೌಂಡ್ ಹೊರಡುವ ಕಡ್ಡಿ) ಇಳಿಸಿ, ಥರ್ಮಾಮೀಟರ್ ಇಡಿ. ನಿಜಕ್ಕೂ 100 ವ್ಯಾಟ್ ಒಳಹೋಗುತ್ತಿದ್ದರೆ ನಿಮಿಷಕ್ಕೆ 3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ಜೊತೆಗೆ, ಅಷ್ಟೇ ಹೊತ್ತು ಅಷ್ಟೇ ಬಿಸಿಯಲ್ಲಿ ಬರೀ ಕಲಕಿದ ಇನ್ನೊಂದು ಬೀಕರ್ ಇರಲೇಬೇಕು. ಇಲ್ಲದಿದ್ದರೆ ಕೆಲಸ ಮಾಡಿದ್ದು ಶಬ್ದವೋ ಶಾಖವೋ ಹೇಗೆ ಗೊತ್ತಾಗುತ್ತದೆ?

ಕಳಚಿದ ಜೇಡಿ ಮತ್ತೆ ಅಂಟುವುದು ದೊಡ್ಡ ತಲೆನೋವು. ಮರುಬಳಕೆಯ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಇದು ಖಂಡಿತ. ಪಿಎಚ್ ಅನ್ನು 9–10ರ ಮಟ್ಟಕ್ಕೆ ಏರಿಸಿ, ಕಣಗಳು ಅಂಟದಂತೆ ಸ್ವಲ್ಪ ಸೋಡಿಯಂ ಸಿಲಿಕೇಟ್ ಹಾಕಿ, ತಡಮಾಡದೆ ಜೇಡಿ ಬೇರ್ಪಡಿಸಬೇಕು. ಹೊತ್ತು ಹೆಚ್ಚಿಸಿದರೆ ಲಾಭವೂ ಹೆಚ್ಚುವುದಿಲ್ಲ: ಗೊಯಥೈಟ್ ಎಂಬ ಮೆತ್ತನೆಯ ಕಬ್ಬಿಣದ ಖನಿಜ ಪುಡಿಯಾಗಿ, ಕಬ್ಬಿಣವೂ ಜೇಡಿಯ ಜೊತೆ ಹೋಗುತ್ತದೆ. ಆದ್ದರಿಂದ ಉಳಿದದ್ದನ್ನೂ ಹೋದದ್ದನ್ನೂ ಎರಡನ್ನೂ ತೂಗಿ ಪರೀಕ್ಷೆಗೆ ಕಳಿಸಿ. ಕೆಸರು ತೀರಾ ದಪ್ಪಗಿದ್ದರೆ ಶಬ್ದ ಪ್ರೋಬ್ ಸುತ್ತಲೇ ಸತ್ತುಹೋಗುತ್ತದೆ. ಪ್ರೋಬ್‌ನ ಟೈಟೇನಿಯಂ ತುದಿಯಂತೂ ಸವೆದು ಗುಳಿಬೀಳುತ್ತದೆ, ಗುಳಿಬಿದ್ದ ತುದಿಯಿಂದ ಮೊದಲಿನ ಫಲಿತಾಂಶ ಬರುವುದಿಲ್ಲ.

ಇಡೀ ಕೆಸರಿನ ಹರಿವಿಗೆ ಅಲ್ಟ್ರಾಸೌಂಡ್ ಕೊಡುವ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಮೊದಲು ಅಟ್ರಿಷನ್ ಸ್ಕ್ರಬ್ಬರ್‌ನಲ್ಲಿ ಗಟ್ಟಿಯಾಗಿ ಉಜ್ಜಿ, ಆಮೇಲೂ ಹಟ ಬಿಡದ ಸಣ್ಣ ಪಾಲಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಕೆಸರಿನ ನೀರು ಹೀರಿ ತೆಗೆಯುವ ಸೆರಾಮಿಕ್ ಡಿಸ್ಕ್ ಫಿಲ್ಟರ್‌ನಲ್ಲಿ ಮಾತ್ರ ಎರಡು ಮಾತಿಲ್ಲ. ಅಲ್ಲಿ ತೊಳೆಯುವುದು ಅದಿರನ್ನಲ್ಲ, ಕಟ್ಟಿಕೊಂಡ ಫಲಕದ ರಂಧ್ರಗಳನ್ನು. ತೊಟ್ಟಿಯ ಕೆಸರು ಬಸಿದು, ನೀರು ತುಂಬಿ, ತೆಳು ನೈಟ್ರಿಕ್ ಆಮ್ಲವನ್ನು ಫಲಕದ ಒಳಗಿನಿಂದ ಹಿಮ್ಮುಖವಾಗಿ ಹರಿಸುತ್ತಾ ಅಲ್ಟ್ರಾಸೌಂಡ್ ಹಾಕುತ್ತಾರೆ. ಅಲ್ಟ್ರಾಸೌಂಡ್ ಹುಟ್ಟಿಸುವ ಟ್ರಾನ್ಸ್‌ಡ್ಯೂಸರ್ ಪೂರ್ತಿ ಮುಳುಗಿದೆಯೇ ನೋಡಿಯೇ ಸ್ವಿಚ್ ಒತ್ತಬೇಕು, ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದೆ.