ಮೀಟರ್ ಕಿರುಚುತ್ತಿದೆ ಸಾರ್!

ಎಂಜಿನ್ ಕೆಟ್ಟರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಅದು ಮರ್ಯಾದಸ್ಥ ಕಾಯಿಲೆ. ಕ್ಲಚ್ ಹೋಯಿತು ಅಂದರೂ ಅಯ್ಯೋ ಪಾಪ ಅನ್ನುವವರು ಸಿಗುತ್ತಾರೆ. ಸ್ಪೀಡೋಮೀಟರ್ ಕಿರುಚುತ್ತಿದೆ ಅಂದರೆ ಮಾತ್ರ ಎಲ್ಲರದ್ದೂ ಒಂದೇ ಸಲಹೆ: "ರೇಡಿಯೋ ಜೋರಾಗಿ ಇಟ್ಕೊಳ್ಳಿ."

ಹಳೆಯ ಕಾರು ಓಡಿಸುವವರಿಗೆ ಈ ಶಬ್ದ ಗೊತ್ತೇ ಇರುತ್ತದೆ. ನಲವತ್ತರವರೆಗೆ ಕಾರು ಬಲು ಸಂಭಾವಿತ. ನಲವತ್ತು ದಾಟಿತೋ, ಸ್ಟೇರಿಂಗ್ ಹಿಂದಿನಿಂದ ಕಿರ್ರ್... ಶುರು. ಮುಳ್ಳು ಬೇರೆ ನಲವತ್ತಕ್ಕೂ ಅರವತ್ತಕ್ಕೂ ನಡುವೆ ತೂಗಾಡುತ್ತದೆ. ಯಾವುದನ್ನು ನಂಬಬೇಕು ಅನ್ನುವುದು ನಮಗೆ ಬಿಟ್ಟದ್ದು. ಚಳಿಯ ಬೆಳಿಗ್ಗೆ ಜಾಸ್ತಿ. ಸ್ವಲ್ಪ ದೂರ ಹೋದ ಮೇಲೆ ಕಡಿಮೆ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಪೂರ್ತಿ ಮೌನ.

ಹಾಗಾಗಿ ಶಬ್ದವನ್ನು ನಾವೇ ಬಾಯಲ್ಲಿ ಮಾಡಿ ತೋರಿಸಬೇಕು. ನಮ್ಮ ಮೆಕ್ಯಾನಿಕ್ಕಿಗಂತೂ ಅದು ಬೇಕೇ ಬೇಕು. ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಲ್ಲುತ್ತಾರೆ.

"ಹೂಂ, ಮಾಡಿ ಸಾರ್."

"ಕಿರ್ರ್..."

"ಕಿರ್ರಾ, ಕೊರ್ರಾ?"

"ಕಿರ್ರೇ."

"ಒಂದೇ ಸಮ ಬರತ್ತಾ, ಬಿಟ್ಟು ಬಿಟ್ಟಾ?"

"ಬಿಟ್ಟು ಬಿಟ್ಟು."

"ಮತ್ತೆ ನೀವು ಒಂದೇ ಸಮ ಮಾಡ್ತಿದೀರಲ್ಲ ಸಾರ್!"

ಬಿಟ್ಟು ಬಿಟ್ಟು ಮಾಡಿದೆ. ನಲವತ್ತರಲ್ಲಿ ಹೇಗೆ ಅಂದರು, ಮಾಡಿದೆ. ಅರವತ್ತರಲ್ಲಿ ಅಂದರು, ಉಸಿರು ಎಳೆದುಕೊಂಡು ಅದನ್ನೂ ಮಾಡಿದೆ. ಅಷ್ಟರಲ್ಲಿ ಸ್ಕೂಟರ್ ರಿಪೇರಿಗೆ ತಂದವರೊಬ್ಬರು ಪಕ್ಕಕ್ಕೆ ಬಂದು ನಿಂತಿದ್ದರು. "ಸ್ವಲ್ಪ ಮೂಗಿನಿಂದ ಟ್ರೈ ಮಾಡಿ" ಅಂದರು. ಅವರನ್ನು ಯಾರು ಕೇಳಿದ್ದರು?

"ಕ್ಲಚ್ ಒತ್ತಿದರೆ ನಿಲ್ಲತ್ತಾ?"

"ಇಲ್ಲ. ಕಾರು ನಿಂತರೆ ಮಾತ್ರ ನಿಲ್ಲತ್ತೆ."

ಮೆಕ್ಯಾನಿಕ್ ಕಣ್ಣು ಬಿಟ್ಟರು. ಎಂಜಿನ್ ಅಲ್ಲ, ಮೀಟರ್ ಕೇಬಲ್ಲೇ ಅಂತ ತೀರ್ಪು ಬಂತು. ಆಮೇಲೆ ತಾವೇ ಶಬ್ದ ಮಾಡಿ ತೋರಿಸಿದರು. ಕಿರ್ರ್ ಅಂದರೆ ಕೇಬಲ್ ಒಣಗಿದೆ. ಟಕ್ ಟಕ್ ಅಂದರೆ ಒಳಗಿನ ತಂತಿ ಎಲ್ಲೋ ಮಡಿಸಿಕೊಂಡಿದೆ. ಕೀಂಯ್ ಅಂದರೆ ಮೀಟರಿನ ಒಳಗಿನ ಶಾಫ್ಟಿಗೆ ಎಣ್ಣೆ ಇಲ್ಲ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದರು, ಅದೂ ಸಿಟ್ಟು ಬರಿಸುವಂಥದ್ದೇ. ಇಷ್ಟೆಲ್ಲ ಗೊತ್ತಿದ್ದವರು ಮೊದಲೇ ಕೇಬಲ್ ಬಿಚ್ಚಿ ನೋಡಬಹುದಿತ್ತು, ಅಲ್ವಾ?

ಬಿಚ್ಚುವುದೇನೂ ಸುಲಭವಲ್ಲ ಅನ್ನಿ. ಮೀಟರ್ ಬೋರ್ಡಿನ ಹಿಂದೆ ಕೈ ಹೋಗುವಷ್ಟು ಜಾಗ ಬಿಡಬೇಕು ಅಂತ ಆ ಕಾರು ಮಾಡಿದವರಿಗೆ ಹೊಳೆದೇ ಇಲ್ಲ.

ಇಷ್ಟಕ್ಕೂ ಒಳಗಿರುವ ಉಪಾಯ ಬಹಳ ನಾಜೂಕಿನದು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಒಂದು ಪುಟ್ಟ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ಮುಟ್ಟುವುದೇ ಇಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ, ಬಟ್ಟಲೂ ಅದರ ಹಿಂದೆ ಹೊರಡಲು ನೋಡುತ್ತದೆ. ಒಂದು ಸಣ್ಣ ಸ್ಪ್ರಿಂಗ್ ತಡೆದು ಹಿಡಿಯುತ್ತದೆ. ಈ ಎಳೆದಾಟ ಎಲ್ಲಿ ನಿಂತಿತೋ ಅದೇ ನಮ್ಮ ವೇಗ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಷ್ಟು ಜಾಣ ಯಂತ್ರ ಮರ್ಯಾದೆ ಕಳೆದುಕೊಳ್ಳುವುದು ಗ್ರೀಸ್ ಒಣಗಿದ ಒಂದು ತಂತಿಯಿಂದ. ತಂತಿ ಅಂಟಿಕೊಂಡು, ಮುರುಚಿಕೊಂಡು, ಆಮೇಲೆ ಜರ್ರನೆ ಬಿಡಿಸಿಕೊಳ್ಳುತ್ತದೆ. ಮುಳ್ಳು ಕುಣಿಯುವುದು ಅದಕ್ಕೇ.

ಒಳಗಿನ ತಂತಿಯನ್ನು ಎಳೆದು ತೆಗೆದು, ಒರೆಸಿ, ನೆಲದ ಮೇಲೆ ಉರುಳಿಸಿ ನೋಡಿದರು. ನೆಟ್ಟಗಿದ್ದರೆ ಸುಮ್ಮನೆ ಉರುಳುತ್ತದೆ. ನಮ್ಮದು ಒಂದು ಕಡೆ ಎಗರಿ ಎಗರಿ ಬಿತ್ತು. ಕಿರ್ರ್ ಜೊತೆಗೆ ಟಕ್ ಟಕ್ಕೂ ಇತ್ತು ಅಂತಾಯಿತು. ನಾನು ಟಕ್ ಟಕ್ ಮಾಡಿರಲಿಲ್ಲ ಅಂತ ಮೆಕ್ಯಾನಿಕ್ ಬೇಸರದಿಂದ ನೋಡಿದರು.

ಹೊಸ ಕೇಬಲ್ ಬರುವವರೆಗೆ ಮೀಟರ್ ಇಲ್ಲದೆ, ಮುಂದಿನ ಗಾಡಿಗಳ ಹಿಂದೆ ಮೆಲ್ಲಗೆ ಓಡಿಸಿದೆ. ಓಡಿದ ಕಿಲೋಮೀಟರ್ ಎಣಿಸುವ ಚಕ್ರಗಳೂ ಅದೇ ಕೇಬಲ್ಲಿನಿಂದ ತಿರುಗುವುದರಿಂದ ಅವೂ ನಿಂತುಬಿಟ್ಟವು. ಆ ದಿನಗಳಲ್ಲೇ ಒಂದು ಸಂಜೆ ಅಮ್ಮನನ್ನು ಕೂರಿಸಿಕೊಂಡು ಸುಮ್ನೆ ಒಂದು ಸುತ್ತು ಹೋಗಿದ್ದೆವು. ಅವರು ಹಳೆಯದೇನೇನೋ ಹೇಳುತ್ತಿದ್ದರು. ಕಾರಿನಲ್ಲಿ ಯಾವ ಶಬ್ದವೂ ಇರಲಿಲ್ಲ, ಎಲ್ಲವೂ ಕೇಳಿಸಿತು. ಆ ದಾರಿ ಕಾರಿನ ಲೆಕ್ಕದಲ್ಲಿ ಇಲ್ಲ.

ಹೊಸ ಕೇಬಲ್ ಹಾಕುವಾಗ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿದರು. ಮೀಟರ್ ಕಡೆಯ ತುದಿಯಲ್ಲಿ ಮಾತ್ರ ಒಂದಷ್ಟು ಉದ್ದ ಒಣದಾಗಿಯೇ ಬಿಟ್ಟರು. ತಿರುಗುವ ತಂತಿ ತಿರುಪಿನ ಹಾಗೆ ಗ್ರೀಸನ್ನು ಮೇಲಕ್ಕೆ ಒಯ್ಯುತ್ತದಂತೆ. ಅದು ಮೀಟರಿನೊಳಗೆ ಸೇರಿದರೆ ಮುಳ್ಳು ಕಚ್ಚಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಕೇಬಲ್ ಜಾಸ್ತಿ ಬಗ್ಗದಂತೆಯೂ ನೋಡಿಕೊಂಡರು. ಕೆಲಸ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ.

ದುಡ್ಡು ಕೊಟ್ಟು ಬಾಗಿಲು ಹಾಕಿಕೊಳ್ಳುವಾಗ ಕಿಟಕಿ ತಟ್ಟಿದರು. ಪಕ್ಕದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ನಿಂತಿದ್ದ.

"ಸಾರ್, ಇವನಿಗೆ ಒಂದ್ಸಲ ಆ ಅರವತ್ತರದ್ದು ಮಾಡಿ ತೋರಿಸಿ. ಕಲೀಲಿ."