ಸ್ಪಷ್ಟನೆ: ಆಕ್ಸೆಸ್ ಪಾಯಿಂಟ್ ಹೆಚ್ಚಿದಷ್ಟೂ ವೈ-ಫೈ ವೇಗ ಹೆಚ್ಚುವುದಿಲ್ಲ

ವಿಶ್ವವಿದ್ಯಾಲಯದ ಆವರಣದಲ್ಲಿ ವೈ-ಫೈ ನಿಧಾನವಾದರೆ ಇನ್ನಷ್ಟು ಆಕ್ಸೆಸ್ ಪಾಯಿಂಟ್‌ಗಳನ್ನು (ವೈ-ಫೈ ಸಂಕೇತ ಹೊರಡಿಸಿ ಮೊಬೈಲ್, ಲ್ಯಾಪ್‌ಟಾಪ್‌ಗಳನ್ನು ಜಾಲಕ್ಕೆ ಸೇರಿಸುವ ಉಪಕರಣಗಳನ್ನು) ಅಳವಡಿಸಿ, ಎಲ್ಲವನ್ನೂ ಗರಿಷ್ಠ ಪ್ರಸರಣ ಶಕ್ತಿಯಲ್ಲಿ ನಡೆಸಿದರೆ ಸಾಕು ಎಂಬ ಸಲಹೆ ಹರಿದಾಡುತ್ತಿದೆ. ಇದು ಸರಿಯಲ್ಲ, ಅನೇಕ ಕಡೆ ಇದರಿಂದ ತೊಂದರೆಯೇ ಹೆಚ್ಚುತ್ತದೆ.

ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ರೇಡಿಯೊ ಆವರ್ತನದ ಹಾದಿಯಲ್ಲಿ, ಪರಸ್ಪರ ಕೇಳಿಸುವಷ್ಟು ಹತ್ತಿರವಿರುವ ಉಪಕರಣಗಳೆಲ್ಲವೂ ಸರದಿಯಂತೆ ಮಾತನಾಡಬೇಕಾಗುತ್ತದೆ. 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಲು ಸಾಮಾನ್ಯವಾಗಿ ಸಿಗುವುದು 1, 6 ಮತ್ತು 11 ಎಂಬ ಮೂರೇ ಚಾನೆಲ್‌ಗಳಾದ್ದರಿಂದ, ದೊಡ್ಡ ಉಪನ್ಯಾಸ ಕೊಠಡಿಯೊಂದರಲ್ಲಿ ಹತ್ತು ಆಕ್ಸೆಸ್ ಪಾಯಿಂಟ್‌ಗಳನ್ನು ಆ ಪಟ್ಟಿಯಲ್ಲಿ ಪೂರ್ಣ ಶಕ್ತಿಯಿಂದ ನಡೆಸಿದರೆ ಅವು ಒಂದನ್ನೊಂದು ಕಾಯುತ್ತಲೇ ಇರುತ್ತವೆ. ಅಂಥಲ್ಲಿ ಕೆಲವು ಉಪಕರಣಗಳ 2.4 ರೇಡಿಯೊವನ್ನು ನಿಲ್ಲಿಸಿ, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳನ್ನು ಕಡಿಮೆ ಶಕ್ತಿಯಲ್ಲಿ ಬಳಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಶಕ್ತಿ ಹೆಚ್ಚಿಸುವುದರಲ್ಲಿ ಇನ್ನೊಂದು ದೋಷವಿದೆ. ಆಕ್ಸೆಸ್ ಪಾಯಿಂಟ್‌ನ ಸಂಕೇತ ದೂರದ ಮೊಬೈಲ್‌ಗೆ ತಲುಪಿದರೂ, ಕಡಿಮೆ ಶಕ್ತಿಯ ಮೊಬೈಲ್‌ನ ಉತ್ತರ ಹಿಂದಿರುಗಿ ತಲುಪದಿರಬಹುದು. ಯಾವ ಆಕ್ಸೆಸ್ ಪಾಯಿಂಟ್‌ಗೆ ಸೇರಬೇಕೆಂಬ ಅಂತಿಮ ತೀರ್ಮಾನವೂ ಮೊಬೈಲ್‌ನದೇ ಆಗಿರುವುದರಿಂದ, ಬಳಕೆದಾರರು ಮುಂದಿನ ಕಟ್ಟಡಕ್ಕೆ ನಡೆದುಹೋದರೂ ಅದು ಹಿಂದಿನದಕ್ಕೇ ಅಂಟಿಕೊಂಡಿರಬಹುದು.

ಪ್ರತಿ ವಿಭಾಗಕ್ಕೂ ಪ್ರತ್ಯೇಕ ನೆಟ್‌ವರ್ಕ್ ಹೆಸರು ಕೊಡುವುದೂ ಹಾನಿಕರ, ಏಕೆಂದರೆ ಪ್ರತಿ ಹೆಸರಿನ ಪ್ರಕಟಣಾ ಸಂಕೇತವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ಹತ್ತು ಬಾರಿ, ಅದೂ ಕಡಿಮೆ ವೇಗದಲ್ಲಿ, ಹೊರಟು ಉಪಕರಣಗಳು ಮಾತನಾಡಬೇಕಾದ ಸಮಯವನ್ನು ತಿನ್ನುತ್ತದೆ.

ಖರೀದಿಗೆ ಮುನ್ನ ಸ್ಥಳದಲ್ಲೇ ಅಳತೆ ನಡೆಸಿ, ಏಕಕಾಲಕ್ಕೆ ಸೇರುವ ಬಳಕೆದಾರರನ್ನು ಎಣಿಸಿ, ಆಕ್ಸೆಸ್ ಪಾಯಿಂಟ್‌ಗಳಿಗೆ ಕೇಬಲ್ ಮೂಲಕ ಜಾಲವನ್ನೂ ವಿದ್ಯುತ್ತನ್ನೂ ಕೊಡುವ ನೆಟ್‌ವರ್ಕ್ ಸ್ವಿಚ್‌ಗಳು ಹೊಸ ಉಪಕರಣಗಳಿಗೆ ಸಾಕಷ್ಟು ವಿದ್ಯುತ್ ಒದಗಿಸಬಲ್ಲವೇ ಎಂದು ಪರೀಕ್ಷಿಸಬೇಕು.