ಬಾಯಿ ಕಟ್ಟಿ ಅನ್ನುವವರು

ಹೊಟ್ಟೆ ಸ್ವಲ್ಪ ಮುಂದೆ ಬಂದರೆ ಸಾಕು, ಮನೆಗೆ ಬಂದವರೆಲ್ಲ ವೈದ್ಯರೇ. "ಬಾಯಿ ಕಟ್ಟಬೇಕು ಕಣ್ರೀ" ಎನ್ನುತ್ತಲೇ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಇರಲಿ. 1990ರಿಂದ 2022ರೊಳಗೆ ಜಗತ್ತಿನ ದೊಡ್ಡವರಲ್ಲಿ ಬೊಜ್ಜು ಎರಡು ಪಟ್ಟಿಗೂ ಮೀರಿ ಬೆಳೆದಿದೆ. ಮಕ್ಕಳೂ ಸೇರಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜು. ಮೆಕ್ಸಿಕೋದವರು, ಮಂಡ್ಯದವರು, ಟೋಂಗಾದವರು ಎಲ್ಲ ಮಾತಾಡಿಕೊಂಡು ಒಂದೇ ಸಲ ಬಾಯಿ ಬಿಟ್ಟರೇ?

ಪೆಸಿಫಿಕ್ ಸಾಗರದ ಸಮೋವಾದ ಸಂಗತಿ ಕೇಳಿ. ಟರ್ಕಿ ಕೋಳಿಯ ಎದೆಮಾಂಸವನ್ನು ಅಮೆರಿಕದವರು ತಿಂದು, ತಮಗೆ ಬೇಡವಾದ ಕೊಬ್ಬಿನ ಬಾಲದ ತುಂಡನ್ನು ಅಲ್ಲಿಗೆ ಅಗ್ಗವಾಗಿ ಮಾರುತ್ತಿದ್ದರು. ಮೀನು, ಕೆಸುವಿನ ಗೆಡ್ಡೆ, ತೆಂಗು ಉಂಡು ಬಾಳಿದ ಜನ ಅದಕ್ಕೆ ಒಗ್ಗಿಹೋದರು. 2007ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಲ್ಲ, ನಿಷೇಧ ತೆಗೆಯಲು ಒಪ್ಪಬೇಕಾಯಿತು. ಒಂದು ದೇಶಕ್ಕೆ ದೇಶವೇ ಬಾಯಿ ಕಟ್ಟಲು ಹೊರಟರೂ ಬಿಚ್ಚಿಸುವವರಿದ್ದಾರೆ!

ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮಜವಾಗಿದೆ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಅಡುಗೆಮನೆಯ ಊಟ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಸರಿಸುಮಾರು ಸಮ, ಬೇಕಾದಷ್ಟು ತಿನ್ನಬಹುದು. ಕಾರ್ಖಾನೆಯ ಸರದಿಯಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗ ತಿಂದರು. ಮನೋಬಲ ಎರಡು ವಾರಕ್ಕೊಮ್ಮೆ ಬದಲಾಗುತ್ತದೆಯೇ? ಬದಲಾದದ್ದು ತಟ್ಟೆ.

ನಮ್ಮ ಬೀದಿಯ ಅಂಗಡಿ ಮುಂದೆಯೂ ಚಿಪ್ಸು, ಕುರುಕಲು ಪೊಟ್ಟಣಗಳು ಮಾಲೆಮಾಲೆಯಾಗಿ, ಮಗುವಿನ ಕೈಗೆ ಎಟುಕುವಷ್ಟು ಕೆಳಗೆ ತೂಗುತ್ತವೆ. ಹುರಿದ ಕಡಲೆಕಾಯಿ ಡಬ್ಬ ಒಳಗಿನ ಮೂಲೆಯಲ್ಲಿದೆ. ಅದನ್ನು ಕೇಳಿ ಪಡೆಯಬೇಕು.

ತೆಳ್ಳಗಿರುವವರು ನಗುವ ಹಾಗೂ ಇಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಜೋಡಿ ಫೋಟೊ ಹಾಕಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎನ್ನುವ ಲೆಕ್ಕ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! ಯುಡ್ಕಿನ್ ದೂರದ ಓಟಗಾರರು. ಯಾಜ್ಞಿಕ್ ಅವರ ಮುಖ್ಯ ವ್ಯಾಯಾಮವೆಂದರೆ, ಅವರೇ ತಮಾಷೆಯಾಗಿ ಬರೆದುಕೊಂಡಂತೆ, ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವ ಮೊದಲು ಓಡಿ ಒಳಗೆ ಸೇರುವುದು.